ಸಮುದ್ರದ ಕೊಳಗ

ಡೊಂಬಿವಲಿಯ ಆ ಮನೆಯಲ್ಲಿ ಜಗಳ ಶುರುವಾದದ್ದು ಒಂದು ಒರಳುಕಲ್ಲಿನ ಬಗ್ಗೆ. ಮಗಳು ಮೆಲ್ಬರ್ನಿನಿಂದ ವಿಡಿಯೋ ಕರೆಯಲ್ಲಿದ್ದಳು, ತಾಯಿ ಅಡುಗೆಮನೆಯ ಹೊಸ್ತಿಲಲ್ಲಿ ಕೂತಿದ್ದರು, ಪುಣೆಯಿಂದ ಬಂದಿದ್ದ ಸೋದರಳಿಯ ನಡುವೆ ಫೋನು ಹಿಡಿದು ನಿಂತಿದ್ದ.

"ಅಮ್ಮಾ, ಇಲ್ಲಿ ಮಿಕ್ಸಿ ಇದೆ, ಗ್ರೈಂಡರೂ ಇದೆ. ಆ ಕಲ್ಲು ಯಾಕೆ?"

ತಾಯಿ ಕಲ್ಲಿನ ಪರವಾಗಿ ಏನೂ ವಾದಿಸಲಿಲ್ಲ. "ಅದು ಬರತ್ತೆ. ತೊಟ್ಟಿಲೂ ಬರತ್ತೆ. ಬೇರೆ ಏನೇನು ಬಿಡಬೇಕು ಅಂತ ನೀನೇ ಹೇಳು, ಬಿಡ್ತೀನಿ" ಅಂದರು.

ಅವರಿಗೆ ಎಪ್ಪತ್ತೊಂದು. ಗಂಡ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ವರ್ಷಗಟ್ಟಲೆ ಕಾದ ಮೇಲೆ ಖಾಯಂ ವಾಸದ ವೀಸಾ ಕೈಗೆ ಬಂದಿತ್ತು, ಮನೆ ಮಾರಾಟವಾಗಿತ್ತು, ಕೀಲಿಕೈ ಒಪ್ಪಿಸಲು ಏಳು ವಾರ ಉಳಿದಿತ್ತು. ಈ ಹಿಂದೆ ಮೂರು ಸಲ ಅವರು ಮೆಲ್ಬರ್ನಿಗೆ ಹೋಗಿದ್ದರು. ಮೂರೂ ಸಲ ಎರಡು ಸೂಟ್‌ಕೇಸು. ಒಂದರಲ್ಲಿ ಸೀರೆ, ಇನ್ನೊಂದರಲ್ಲಿ ಮಗಳಿಗೆಂದು ಒಯ್ದ ತಿಂಡಿ, ಬೆಳ್ಳಿ, ಬಟ್ಟೆ. ತಿಂಡಿ ಮುಗಿಯುವ ಹೊತ್ತಿಗೆ ವಾಪಸಾಗುವ ದಿನ ಬಂದಿರುತ್ತಿತ್ತು. ಸೋದರಳಿಯನಿಗೆ ಆ ರಾತ್ರಿ ಊಟದ ಹೊತ್ತಿನಲ್ಲಿ ಅವರು ಹೇಳಿದ್ದು ಇಷ್ಟು: "ಎರಡು ಸೂಟ್‌ಕೇಸ್ ಹಿಡಕೊಂಡು ಹೋದವರು ನೆಂಟರು ಕಣೋ. ಈ ಸಲ ನಾನು ನೆಂಟಳಾಗಿ ಹೋಗ್ತಾ ಇಲ್ಲ."

ಹಾಗಾಗಿ ಹಡಗು.

ಸರಕು ಸಾಗಿಸುವ ಏಜೆಂಟ್ ಬಂದಾಗ ತಾಯಿ ಮೊದಲೇ ಕಲ್ಲಿನ ತೂಕದ ಬಗ್ಗೆ ಕ್ಷಮೆ ಕೇಳುವ ಧಾಟಿಯಲ್ಲಿ ಮಾತಾಡಿದರು. ಆತನ ಕೈಯಲ್ಲಿ ತಕ್ಕಡಿಯೇ ಇರಲಿಲ್ಲ. ಜೇಬಿನಿಂದ ಅಳತೆಯ ಟೇಪು ತೆಗೆದು ಪ್ರತಿ ವಸ್ತುವಿನ ಉದ್ದ, ಅಗಲ, ಎತ್ತರ ಬರೆದುಕೊಳ್ಳತೊಡಗಿದ. ಒರಳು, ರುಬ್ಬುಗುಂಡು, ಸುತ್ತಲಿನ ಮರದ ಪೆಟ್ಟಿಗೆ ಎಲ್ಲ ಸೇರಿ ಅಂದಾಜು ನೂರು ಕಿಲೋ. ಪೆಟ್ಟಿಗೆಯ ಅಳತೆ 50, 50, 45 ಸೆಂಟಿಮೀಟರ್, ಅಂದರೆ 0.11 ಘನ ಮೀಟರ್. ಬೀಟೆ ಮರದ ತೊಟ್ಟಿಲು ಸರಪಳಿ ಬಿಟ್ಟು ಇಪ್ಪತ್ತು ಕಿಲೋ ಚಿಲ್ಲರೆ. ಅದರ ಅಳತೆ 110, 60, 65. ಅಂದರೆ 0.43 ಘನ ಮೀಟರ್. "ಕಲ್ಲಿನ ನಾಲ್ಕು ಪಟ್ಟು ಬಾಡಿಗೆ ತೊಟ್ಟಿಲಿಗೆ" ಅಂದ ಏಜೆಂಟ್.

ಇದು ಮನೆಯವರಿಗೆ ತಲೆಕೆಳಗಾದ ಲೆಕ್ಕದಂತೆ ಕಂಡಿತು. ಕಾರಣ ಸರಳ. ವಿಮಾನದಲ್ಲಿ ನಿಜವಾದ ತೂಕ, ಅಥವಾ ಗಾತ್ರವನ್ನು ತೂಕಕ್ಕೆ ಪರಿವರ್ತಿಸಿದ ಅಂಕಿ, ಎರಡರಲ್ಲಿ ಹೆಚ್ಚಿನದಕ್ಕೆ ಹಣ. ಸಾಮಾನ್ಯ ಸೂತ್ರದಲ್ಲಿ ಘನ ಸೆಂಟಿಮೀಟರನ್ನು 6,000ದಿಂದ ಭಾಗಿಸುತ್ತಾರೆ. ಹಾಗೆ ಮಾಡಿದರೆ ತೊಟ್ಟಿಲು 71.5 ಕಿಲೋ, ಕಲ್ಲು ತನ್ನ ನಿಜ ತೂಕದಂತೆ ನೂರು ಕಿಲೋ. ಹಡಗಿನಲ್ಲೂ ಇಂಥದೇ ಹೋಲಿಕೆ ಇದೆ, ಆದರೆ ಅಲ್ಲಿ ಒಂದು ಘನ ಮೀಟರಿಗೆ ಸಮನಾದದ್ದು ಒಂದು ಟನ್. ಒಂದು ಘನ ಮೀಟರ್ ನೀರಿನ ತೂಕವೂ ಒಂದು ಟನ್ನೇ. ನೀರಿಗಿಂತ ಹಗುರವಾದ ಸರಕಿನ ತೂಕವನ್ನು ಹಡಗು ಗಣನೆಗೇ ತೆಗೆದುಕೊಳ್ಳುವುದಿಲ್ಲ, ಜಾಗಕ್ಕೆ ಮಾತ್ರ ಬಾಡಿಗೆ. ಇಪ್ಪತ್ತು ಅಡಿಯ ಕಂಟೇನರಿನ ಒಳಗೆ ಸುಮಾರು 33 ಘನ ಮೀಟರ್ ಜಾಗವಿದೆ, ಅದು ಸುಮಾರು 28 ಟನ್ ಹೊರಬಲ್ಲದು. ಸೋಫಾ, ಮಂಚ, ಪಾತ್ರೆಗಳಿಂದ ಅದನ್ನು ತುಂಬಿದರೆ ಜಾಗ ಮುಗಿದಿರುತ್ತದೆ, ತೂಕದ ಮಿತಿ ಇನ್ನೂ ಎಲ್ಲೋ ಇರುತ್ತದೆ. ಕಂಟೇನರ್ ಹೊರುವ ಹಡಗಿಗೆ ಟೊಳ್ಳೇ ಭಾರ.

ಇಂಗ್ಲಿಷಿನ ಟನ್ ಎಂಬ ಪದ ಕೂಡ ಹುಟ್ಟಿದ್ದು ತಕ್ಕಡಿಯಿಂದಲ್ಲ, ದ್ರಾಕ್ಷಾರಸದ ದೊಡ್ಡ ಪೀಪಾಯಿಯ ಹೆಸರಿನಿಂದ. ಹಡಗಿನಲ್ಲಿ ಎಷ್ಟು ಪೀಪಾಯಿ ಹಿಡಿಸುತ್ತದೆ ಎಂಬುದು ಹಡಗಿನ ಅಳತೆಯಾಯಿತು. ತೂಕದ ಅರ್ಥ ಆಮೇಲೆ ಗಟ್ಟಿಯಾಯಿತು. ಇದು ಕನ್ನಡದವರಿಗೆ ಹೊಸದೇನಲ್ಲ. ಸೇರು, ಕೊಳಗ, ಖಂಡುಗ ಎಂದು ಭತ್ತವನ್ನು ಅಳೆದವರು ನಾವು. ಬಂಗಾರ, ಬೆಲ್ಲ, ಅಡಿಕೆಗೆ ತಕ್ಕಡಿ, ಕಾಳಿಗೆ ಕೊಳಗ. ಆಕಾಶ ತೂಗುತ್ತದೆ, ಸಮುದ್ರ ಅಳೆಯುತ್ತದೆ. ತಾಯಿಗೆ ಏಜೆಂಟನ ಘನ ಮೀಟರ್ ಅರ್ಥವಾಗಿರಲಿಲ್ಲ. ಸೋದರಳಿಯ ಕೊಳಗ ಅಂದ ಕೂಡಲೇ ಅರ್ಥವಾಯಿತು. ಮರುದಿನದಿಂದ ಮನೆಯ ಯಾವ ಟೊಳ್ಳೂ ಟೊಳ್ಳಾಗಿ ಉಳಿಯಲಿಲ್ಲ. ತಪ್ಪಲೆಯೊಳಗೆ ಚೆಂಬು, ಚೆಂಬಿನೊಳಗೆ ಲೋಟ, ಲೋಟದೊಳಗೆ ಸುತ್ತಿದ ಕರವಸ್ತ್ರ. ತೊಟ್ಟಿಲಿಗೆ ಕೌದಿಗಳು.

ಆದರೆ ತೊಟ್ಟಿಲು ನಿಂತುಹೋಯಿತು, ಅದೂ ತೂಕದ ಕಾರಣಕ್ಕೆ.

ಬೀಟೆ, ಸೀಸಂ ಮುಂತಾದವು ಡಾಲ್ಬರ್ಜಿಯಾ ಎಂಬ ಕುಲದ ಮರಗಳು. ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟ್ಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದ ಈ ಇಡೀ ಕುಲವನ್ನು 2017ರ ಜನವರಿ 2ರಿಂದ ತನ್ನ ಎರಡನೆಯ ಅನುಬಂಧದಡಿ ತಂದಿತು. ಕಡಿದದ್ದು ಬೇರೆ ದೇಶಗಳ ಕಾಡುಗಳಲ್ಲಿರಲಿ, ನಮ್ಮ ಘಟ್ಟದಲ್ಲಿರಲಿ, ಗಡಿ ದಾಟಲು ಕಾಗದ ಬೇಕು. ಭಾರತದ ಕರಕುಶಲಕರ್ಮಿಗಳಿಗೆ ಇದರಿಂದ ಪೆಟ್ಟು ಬಿದ್ದು, 2022ರ ನವೆಂಬರಿನಲ್ಲಿ ಪನಾಮಾದಲ್ಲಿ ನಡೆದ ಸಭೆಯಲ್ಲಿ ಬೀಟೆ ಮತ್ತು ಸೀಸಂ ವಸ್ತುಗಳಿಗೆ ಸ್ವಲ್ಪ ಸಡಿಲಿಕೆ ಸಿಕ್ಕಿತು. ಒಂದೊಂದು ವಸ್ತುವಿನಲ್ಲಿರುವ ಮರದ ತೂಕ 10 ಕಿಲೋಗಿಂತ ಕಡಿಮೆ ಇದ್ದರೆ ಆ ಪರವಾನಗಿ ಬೇಡ. ತೊಟ್ಟಿಲು ಅದರ ದುಪ್ಪಟ್ಟು. ಬಿಡಿಬಿಡಿ ಮಾಡಿ ಕಳಿಸಬಹುದಲ್ಲ ಎಂದು ಸೋದರಳಿಯ ಕೇಳಿದ. ಏಜೆಂಟ್ ನಕ್ಕ. "ಬಿಡಿಸಿದರೂ ಅದು ಒಂದೇ ತೊಟ್ಟಿಲು, ಸಾರ್." ಅರ್ಜಿ ಹಾಕಬಹುದಿತ್ತು. ಆದರೆ ಕೀಲಿಕೈ ಒಪ್ಪಿಸಲು ಅಷ್ಟರಲ್ಲಿ ನಾಲ್ಕು ವಾರವೂ ಉಳಿದಿರಲಿಲ್ಲ.

ಆ ತೊಟ್ಟಿಲಲ್ಲಿ ತಾಯಿ ಮಲಗಿದ್ದರು, ಅವರ ತಮ್ಮಂದಿರು ಮಲಗಿದ್ದರು, ಮಗಳು ಮಲಗಿದ್ದಳು. ಅವರು ಅತ್ತಂತೆ ಯಾರೂ ನೋಡಲಿಲ್ಲ. ಕೌದಿಗಳನ್ನು ಒಂದೊಂದಾಗಿ ಹೊರತೆಗೆದು, ಬೇರೆ ಪೆಟ್ಟಿಗೆಯಲ್ಲಿ ಮಡಿಸಿಟ್ಟರು. ನಂತರ ಸೋದರಳಿಯನಿಗೆ, "ನಿಮ್ಮನೇಲಿ ಜಾಗ ಇದೆಯೇನೋ?" ಅಂದರು.

ಮುಂದಿನ ಮೂರು ದಿನ ಒರಳು ತೊಳೆಯುವುದರಲ್ಲಿ ಹೋಯಿತು. ಮಣ್ಣು, ಬೀಜ, ಹುಲ್ಲಿನ ವಿಷಯದಲ್ಲಿ ಆಸ್ಟ್ರೇಲಿಯಾದಷ್ಟು ಬಿಗಿಯಾದ ದೇಶಗಳು ಕಡಿಮೆ. ಮನೆ ಸಾಮಾನು ಕಳಿಸುವವರು ಬಿ534 ಎಂಬ ಹೇಳಿಕೆಪತ್ರದಲ್ಲಿ ಮರ, ಗಿಡದ ವಸ್ತು, ಆಹಾರ, ಮಣ್ಣು ಹತ್ತಿದ ವಸ್ತು ಏನೇನಿದೆ ಎಂದು ತಿಳಿಸಬೇಕು. ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ತಾವೇ ಬಳಸಿದ ವಸ್ತುಗಳಿಗೆ ಸುಂಕವಿಲ್ಲ, ಆದರೆ ಬಳಕೆಯ ಕೊಳೆಗೆ ಕ್ಷಮೆಯಿಲ್ಲ. ಒರಳಿನ ಅಡಿಯನ್ನು ಮಗುಚಿ ನೋಡಿದರೆ ಉಳಿಯ ಗೆರೆಗಳ ನಡುವೆ ಕೆಂಪು ಮಣ್ಣು. ಅದು ಸಾಗರದ ಮಣ್ಣು. ಕೊಂಕಣ ರೈಲು ಇನ್ನೂ ಇಲ್ಲದ ದಿನಗಳಲ್ಲಿ, ಮದುವೆಯಾದ ಎರಡನೆಯ ವರ್ಷ, ಆ ಕಲ್ಲು ಅಡಿಕೆ ಲಾರಿಯಲ್ಲಿ ಮುಂಬೈಗೆ ಬಂದಿತ್ತು. ಆಗ ಮಾವ ಕೇಳಿದ್ದೂ ಇದೇ ಪ್ರಶ್ನೆ: ಮುಂಬೈಯಲ್ಲಿ ಕಲ್ಲಿಗೆ ಬರವೇ? ತಾಯಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಆ ಮಣ್ಣನ್ನೆಲ್ಲ ತೆಗೆದರು. ನೀರು ಕೆಂಪಾಗಿ ಬಚ್ಚಲಿಗೆ ಹರಿಯಿತು.

ಪೆಟ್ಟಿಗೆಯ ಮರಕ್ಕೂ ಪರೀಕ್ಷೆ. ಹಸಿ ಮರದೊಳಗೆ ಹುಳು ಪ್ರಯಾಣ ಮಾಡದಿರಲೆಂದು, ಪ್ಯಾಕಿಂಗ್ ಮರದ ತಿರುಳು 56 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕನಿಷ್ಠ 30 ನಿಮಿಷ ಕಾಯಬೇಕು. ಕಾಯಿಸಿದ್ದಕ್ಕೆ ಸಾಕ್ಷಿಯಾಗಿ ತೆನೆಯ ಚಿತ್ರ, ದೇಶದ ಅಕ್ಷರಗಳು ಇರುವ ಮುದ್ರೆ ಹಲಗೆಯ ಮೇಲಿರುತ್ತದೆ. ಹತ್ತಿರದ ಅಂಗಡಿಯಿಂದ ತಂದ ಹಲಗೆಯಲ್ಲಿ ಆ ಮುದ್ರೆ ಇರಲಿಲ್ಲವೆಂದು ಪೆಟ್ಟಿಗೆಯನ್ನು ಎರಡನೆಯ ಸಲ ಮಾಡಿಸಬೇಕಾಯಿತು.

ಪಟ್ಟಿ ಬರೆಯುವ ಕೆಲಸ ಸೋದರಳಿಯನದು. ಹನ್ನೊಂದು ಪೆಟ್ಟಿಗೆ, ಪ್ರತಿ ವಸ್ತುವಿಗೂ ಇಂಗ್ಲಿಷ್ ಹೆಸರು. ಒರಳಿಗೆ ಮೊದಲು ಮಾರ್ಟರ್ ಎಂದು ಬರೆದ. ಆ ಪದಕ್ಕೆ ಗಾರೆ ಎಂಬ ಅರ್ಥವಿದೆ, ಫಿರಂಗಿ ಎಂಬ ಅರ್ಥವೂ ಇದೆ. ಕಸ್ಟಮ್ಸಿನವರು ಯಾವುದನ್ನು ಹಿಡಿದರೂ ಕಷ್ಟ. ಈಳಿಗೆಮಣೆಗೆ ಚಾಕು ಎಂದರೆ ಸುಳ್ಳು, ಸ್ಟೂಲ್ ಎಂದರೆ ಅಪಾಯ. ಕೊನೆಗೆ ಒರಳು 'ಗ್ರಾನೈಟ್ ಕಿಚನ್ ಗ್ರೈಂಡರ್, ಹ್ಯಾಂಡ್ ಆಪರೇಟೆಡ್, ಯೂಸ್ಡ್' ಎಂದಾಯಿತು. ತಾಯಿ ಅದನ್ನು ಓದಿಸಿಕೊಂಡು, "ಯೂಸ್ಡ್ ಅಂತ ಒಂದೇ ಸಲ ಬರೆದಿದ್ದೀಯಾ?" ಎಂದರು.

ಹನ್ನೊಂದು ಪೆಟ್ಟಿಗೆಗೆ ಪೂರ್ತಿ ಕಂಟೇನರ್ ಬೇಕಿಲ್ಲ. ಅವು ನ್ಹಾವಾ ಶೇವಾ ಬಂದರಿನ ಹತ್ತಿರದ ಗೋದಾಮಿಗೆ ಹೋದವು. ಅಲ್ಲಿ ಗುರುತಿಲ್ಲದ ಹತ್ತಾರು ಜನರ ಸರಕಿನೊಂದಿಗೆ ಒಂದೇ ಕಂಟೇನರಿನಲ್ಲಿ ಸೇರಿಕೊಂಡವು. ಹಾಗೆ ಹಂಚಿಕೊಂಡ ಪ್ರಯಾಣದಲ್ಲಿ ನಷ್ಟವೂ ಹಂಚಿಕೆಯೇ. ಹಡಗು ಅಪಾಯಕ್ಕೆ ಸಿಕ್ಕಿ ಅದನ್ನು ಉಳಿಸಲು ಖರ್ಚಾದರೆ, ಸರಕಿನ ಒಡೆಯರೆಲ್ಲ ತಮ್ಮ ಸರಕಿನ ಬೆಲೆಗೆ ತಕ್ಕಂತೆ ಪಾಲು ಕೊಡಬೇಕೆಂಬ ಹಳೆಯ ಕಡಲ ನಿಯಮವಿದೆ. 2021ರ ಮಾರ್ಚಿನಲ್ಲಿ ಸುಯೆಜ್ ಕಾಲುವೆಯಲ್ಲಿ ಎವರ್ ಗಿವನ್ ಅಡ್ಡ ನಿಂತ ಮೇಲೆ ಅದರಲ್ಲಿದ್ದ ಸರಕಿನವರಿಗೂ ಈ ನಿಯಮ ಅನ್ವಯವಾಯಿತು. ಏಜೆಂಟ್ ಇದನ್ನು ಹೇಳಿ ವಿಮೆ ಮಾಡಿಸಿದ. ಕಲ್ಲಿನ ಬೆಲೆ ಎಷ್ಟು ಬರೆಯಲಿ ಎಂದು ಕೇಳಿದಾಗ ತಾಯಿ ತುಂಬ ಹೊತ್ತು ಯೋಚಿಸಿ, "ಐನೂರು" ಅಂದರು.

ತಾಯಿ ಮೊದಲು ತಲುಪಿದರು, ಎರಡೇ ಸೂಟ್‌ಕೇಸು ಹಿಡಿದು. ಕಲ್ಲು ತಲುಪುವವರೆಗೆ ಅವರು ಬಟ್ಟೆಗಳನ್ನು ಬೀರುವಿಗೆ ಹಾಕಲೇ ಇಲ್ಲವೆಂದು ಮಗಳು ಆಮೇಲೆ ಹೇಳಿದಳು. ಎರಡು ತಿಂಗಳು ದಾಟಿದ ಮೇಲೆ, ತಪಾಸಣೆಗೆ ಒಡೆದು ಮತ್ತೆ ಮೊಳೆ ಹೊಡೆದ ಗುರುತುಗಳೊಂದಿಗೆ, ಪೆಟ್ಟಿಗೆಗಳು ಮನೆಯ ಮುಂದೆ ಇಳಿದವು. ಬಂದರಿನ ಆ ತುದಿಯ ಶುಲ್ಕಗಳು ಮಗಳು ಎಣಿಸಿದ್ದಕ್ಕಿಂತ ಹೆಚ್ಚೇ ಆಗಿದ್ದವು. ಬಾಡಿಗೆ ಕೇಳುವಾಗ ಎರಡೂ ದಡದ ಲೆಕ್ಕ ಕೇಳಬೇಕೆಂಬ ಪಾಠ ತಡವಾಗಿ ಬಂತು.

ಲಾರಿಯಿಂದ ಒರಳು ಇಳಿಸಿದ ಇಬ್ಬರು ಆಳುಗಳಲ್ಲಿ ಒಬ್ಬ ಅದನ್ನು ಒಂಟಿಯಾಗಿ ಎತ್ತಲು ಹೋಗಿ ಕೈಬಿಟ್ಟ. ಡೊಂಬಿವಲಿಯ ಮೆಟ್ಟಿಲು ಬಿಟ್ಟಮೇಲೆ ಆ ಕಲ್ಲಿನ ಭಾರ ಯಾರಿಗಾದರೂ ತಟ್ಟಿದ್ದು ಅದೇ ಮೊದಲು. ಒಪ್ಪಂದ ಬಾಗಿಲವರೆಗೆ ಮಾತ್ರ ಎಂದು ಅವರು ಅದನ್ನು ಗ್ಯಾರೇಜಿನ ಅಂಚಿನಲ್ಲಿಟ್ಟು ಹೋದರು. ಹಿತ್ತಲಿಗೆ ಒಯ್ಯಲು ಮಗಳು, ಅಳಿಯ, ಪಕ್ಕದ ಮನೆಯವರು ಸೇರಿ ಅರ್ಧ ಗಂಟೆ ಹಿಡಿಯಿತು.

ಪುಣೆಯ ಸೋದರಳಿಯನ ಮನೆಯಲ್ಲಿ ತೊಟ್ಟಿಲು ಈಗ ಹಳೆಯ ಪತ್ರಿಕೆಗಳಿಂದ ತುಂಬಿದೆ. ಮೆಲ್ಬರ್ನಿನಲ್ಲಿ ಒರಳಿನಲ್ಲಿ ದಿನಾ ಏನೂ ರುಬ್ಬುವುದಿಲ್ಲ. ಅದು ಬಂದ ಸಂಜೆ ಮಗಳು ಬೆನ್ನು ನೀವಿಕೊಳ್ಳುತ್ತ, "ಅಮ್ಮಾ, ಇನ್ನು ಇದನ್ನ ಇಲ್ಲಿಂದ ಅಲ್ಲಾಡಿಸೋಕೆ ನನ್ನಿಂದಾಗಲ್ಲ" ಅಂದಳು.

"ಅದಕ್ಕೇ ತಂದಿದ್ದು" ಅಂದರು ತಾಯಿ. ಆಮೇಲೆ ಒಳಗೆ ಹೋಗಿ ಸೂಟ್‌ಕೇಸು ಬಿಚ್ಚಿದರು.