ನೋಟದ ಬೆಲೆ

೧೯೩೪ನೆಯ ಇಸವಿಯ ಮೇ ತಿಂಗಳ ಕೊನೆಯ ವಾರದಲ್ಲಿ, ಕೆನಡಾ ದೇಶದ ಆಂಟೇರಿಯೊ ಪ್ರಾಂತಕ್ಕೆ ಸೇರಿದ ನಾರ್ತ್ ಬೇ ಎಂಬ ಪಟ್ಟಣದ ವೃತ್ತಪತ್ರಿಕೆಯ ಕಚೇರಿಗೆ ಟೆಲಿಫೋನಿನಲ್ಲಿ ಒಂದು ಪ್ರಶ್ನೆ ಬಂದಿತು. ಒಂದೇ ಹೆರಿಗೆಯಲ್ಲಿ ಹುಟ್ಟಿದ ಐದು ಮಕ್ಕಳ ಜನನವಾರ್ತೆಯನ್ನು ಅಚ್ಚುಹಾಕಿಸಬೇಕಾದರೆ ಎಷ್ಟು ಹಣ ಕೊಡಬೇಕಾಗುವುದು ಎಂಬುದೇ ಆ ಪ್ರಶ್ನೆ. ಕೇಳಿದವನು ಆ ಶಿಶುಗಳ ಹತ್ತಿರದ ಬಂಧು. ಕೇಳಿದ ಮಾತೂ ಸಂಸಾರಿಯಾದವನು ಕೇಳತಕ್ಕುದೇ ಸರಿ. ಆದರೆ ಆ ವಾರ್ತೆಯು ತಂತಿಯ ಮೂಲಕ ಖಂಡದ ಪತ್ರಿಕೆಗಳಿಗೆಲ್ಲ ಹರಡಿತು. ಅದಕ್ಕಾಗಿ ಯಾರೂ ಒಂದು ಕಾಸನ್ನೂ ಕೇಳಲಿಲ್ಲ. ಬೆಲೆಯನ್ನು ತೆರಬೇಕಾಗಿ ಬಂದದ್ದು ಅನಂತರ. ತೆತ್ತವರು ಆ ಬಂಧುವಲ್ಲ, ತಂದೆಯೂ ಅಲ್ಲ. ತೊಟ್ಟಿಲನ್ನೇ ಕಾಣದಿದ್ದ ಆ ಐದು ಶಿಶುಗಳು.

ಶಿಶುಗಳ ತಂದೆ ಓಲಿವ ಡಿಯೋನ್, ತಾಯಿ ಎಲ್ಜೀರ್. ಇಬ್ಬರೂ ಫ್ರೆಂಚ್ ಭಾಷೆಯನ್ನಾಡುವ ರೈತಾಪಿ ಜನ. ಕೋರ್ಬೇಯ್ ಹಳ್ಳಿಯ ಸಮೀಪದಲ್ಲಿದ್ದ ಅವರ ಮನೆಯಲ್ಲಿ ವಿದ್ಯುದ್ದೀಪವಿರಲಿಲ್ಲ, ಕೊಳಾಯಿಯ ನೀರಿರಲಿಲ್ಲ, ಮಕ್ಕಳು ಮಾತ್ರ ಆಗಲೇ ಐವರಿದ್ದರು. ದಿನ ತುಂಬುವುದಕ್ಕೆ ಎರಡು ತಿಂಗಳು ಮೊದಲೇ ಹೆರಿಗೆಯಾಯಿತು. ಮೊದಲು ಶಿಶುಗಳನ್ನು ಎತ್ತಿಕೊಂಡವರು ಇಬ್ಬರು ಸೂಲಗಿತ್ತಿಯರು. ಬಳಿಕ ಬಂದು ಸೇರಿದವರು ನೆರೆಯೂರಿನ ವೈದ್ಯರಾದ ಡಾಕ್ಟರ್ ಆಲನ್ ರಾಯ್ ಡೇಫೊರವರು. ಐದೂ ಹೆಣ್ಣು. ಐದರ ಒಟ್ಟು ತೂಕವು ೧೪ ಪೌಂಡು ತುಂಬಲಿಲ್ಲ. ಒಂದು ಬುಟ್ಟಿಯಲ್ಲಿ ಐವರನ್ನೂ ಒಟ್ಟಿಗೆ ಮಲಗಿಸಿ, ಉರಿಯುವ ಒಲೆಯ ಬಳಿಯಲ್ಲಿ ಬೆಚ್ಚಗಿಟ್ಟರು. ಒಂದೇ ಬಸಿರಿನ ಐದು ಮಕ್ಕಳೂ ಶೈಶವವನ್ನು ದಾಟಿ ಬದುಕಿದರೆಂಬ ದಾಖಲೆಯು ಅದುವರೆಗೆ ಲೋಕದಲ್ಲಿ ಎಲ್ಲಿಯೂ ಇರಲಿಲ್ಲ. ಇವಾನ್, ಆನೆಟ್, ಸೆಸೀಲ್, ಎಮಿಲಿ, ಮರೀ ಎಂದು ಹೆಸರು ಪಡೆದ ಆ ಐವರು ಬದುಕಿಕೊಂಡರು.

ಅವರು ಬದುಕಿಕೊಂಡದ್ದರಲ್ಲಿ ಪತ್ರಿಕೆಗಳಿಗೂ ಒಂದು ಪಾಲು ಉಂಟೆಂಬುದನ್ನು ಮರೆತರೆ ನ್ಯಾಯವಾಗದು. ವಾರ್ತೆಯನ್ನೋದಿದ ದೂರದ ಊರುಗಳಿಂದ ಎದೆಹಾಲು ರೈಲಿನಲ್ಲಿ ಬಂದಿತು. ವಿದ್ಯುತ್ತಿಲ್ಲದ ಮನೆಯಲ್ಲಿಯೂ ಶಿಶುಗಳನ್ನು ಬೆಚ್ಚಗಿಡಬಲ್ಲ ಪೆಟ್ಟಿಗೆಯು ಷಿಕಾಗೊ ನಗರದಿಂದ ಬಂದಿತು. ಅದನ್ನು ತಂದವನು ಒಬ್ಬ ಸುದ್ದಿಗಾರ. ಹೀಗೆ ಪ್ರಸಿದ್ಧಿಯು ಆ ಮನೆಯ ಹೊಸ್ತಿಲನ್ನು ಮೊದಲು ತುಳಿದದ್ದು ಉಪಕಾರಿಯಾಗಿಯೇ. ಕೈಯಲ್ಲಿ ಹಾಲನ್ನು ಹಿಡಿದು ಬಂದವನನ್ನು ಬಾಗಿಲಲ್ಲಿ ತಡೆಯುವವರಾರು? ಹಾಲಿನ ಹಿಂದೆ ಛಾಯಾಚಿತ್ರದ ಪೆಟ್ಟಿಗೆಯೂ ಒಳಗೆ ಬಂದಿತು. ಅದನ್ನು ಹಿಂದಕ್ಕೆ ಕಳುಹಿಸುವ ಉಪಾಯವು ಮಾತ್ರ ಯಾರಿಗೂ ತಿಳಿಯಲಿಲ್ಲ.

ಅದು ಉತ್ತರ ಅಮೆರಿಕದಲ್ಲಿ ವ್ಯಾಪಾರವು ಕುಸಿದು, ಲಕ್ಷಾಂತರ ಜನರು ಕೆಲಸವಿಲ್ಲದೆ ಕುಳಿತಿದ್ದ ಕಾಲ. ಪ್ರತಿದಿನವೂ ಕೆಟ್ಟ ಸುದ್ದಿಯನ್ನೇ ಓದಿ ಬೇಸತ್ತವರಿಗೆ, ಸಾಯಲೇಬೇಕಾಗಿದ್ದ ಐದು ಹಸುಳೆಗಳು ಸಾಯದೆ ಉಳಿದ ವಾರ್ತೆಯು ಅಮೃತಪ್ರಾಯವಾಯಿತು. ಓದುಗರಿಗೆ ಅದು ದಿನದಿನವೂ ಬೇಕಾಯಿತು. ಬೇಕಾದುದನ್ನು ಒದಗಿಸುವವರೂ ದೊರೆತರು. ಶಿಶುಗಳು ಹುಟ್ಟಿ ಕೆಲವೇ ದಿನಗಳಾಗಿದ್ದಾಗ, ಅವರನ್ನು ಷಿಕಾಗೊ ನಗರದ ಮಹಾಪ್ರದರ್ಶನದಲ್ಲಿಟ್ಟು ಜನರಿಗೆ ತೋರಿಸುವೆವೆಂದು ಕೆಲವು ವರ್ತಕರು ತಂದೆಯ ಮುಂದೆ ಒಂದು ಕರಾರುಪತ್ರವನ್ನಿಟ್ಟರು. ಹತ್ತು ಮಕ್ಕಳ ಹೊಟ್ಟೆಯನ್ನು ತುಂಬಬೇಕಾಗಿದ್ದ ಆ ಬಡವನು ರುಜು ಹಾಕಿದನು. ಬಹು ಬೇಗನೆ ಪಶ್ಚಾತ್ತಾಪಪಟ್ಟು, ಕರಾರನ್ನು ರದ್ದುಮಾಡಬೇಕೆಂದು ಹೆಣಗಿದನು. ಆದರೆ ಆ ಒಂದು ರುಜುವೇ ಸಾಕಾಯಿತು. ಮಕ್ಕಳನ್ನು ಆಟಗಾರರ ಕೈಯಿಂದ ರಕ್ಷಿಸುವೆವೆಂದು ಹೇಳಿ ಆಂಟೇರಿಯೊ ಸರ್ಕಾರವು ಮುಂದೆ ಬಂದಿತು. ೧೯೩೫ರಲ್ಲಿ ಒಂದು ಪ್ರತ್ಯೇಕ ಶಾಸನವೇ ಹುಟ್ಟಿತು. ಅದರ ಬಲದಿಂದ ಆ ಐವರು, ೧೮ ವರ್ಷ ತುಂಬುವವರೆಗೆ, ತಂದೆತಾಯಿಗಳ ಮಕ್ಕಳಾಗಿರದೆ ದೊರೆಯ ಪಾಲನೆಗೆ ಒಳಪಟ್ಟ ಮಕ್ಕಳಾದರು.

ರಕ್ಷಣೆಯ ರೀತಿಯನ್ನು ಕೇಳಬೇಕು. ತಂದೆಯ ಮನೆಯ ಎದುರಿಗೆ, ರಸ್ತೆಯ ಆಚೆಯ ಬದಿಯಲ್ಲಿ, ಮಕ್ಕಳಿಗಾಗಿ ಒಂದು ಆಸ್ಪತ್ರೆಯನ್ನು ಕಟ್ಟಿದರು. ಸುತ್ತಲೂ ತಂತಿಯ ಬೇಲಿ ಎದ್ದಿತು. ದಾದಿಯರು, ಉಪಾಧ್ಯಾಯಿನಿಯರು, ಕಾವಲುಗಾರರು ಬಂದರು. ಊಟ, ನಿದ್ರೆ, ಸ್ನಾನ, ಆಟಗಳಿಗೆಲ್ಲ ಗಡಿಯಾರವೇ ಯಜಮಾನನಾಯಿತು. ೧೯೩೬ರಲ್ಲಿ ಆಟದ ಅಂಗಳದ ಸುತ್ತ ಲಾಳದ ಆಕಾರದ ಒಂದು ಮೊಗಸಾಲೆಯನ್ನು ಕಟ್ಟಿ, ಅದಕ್ಕೆ ಸೂಕ್ಷ್ಮವಾದ ಜಾಲರಿಗಳನ್ನು ಹಾಕಿಸಿದರು. ಒಳಗಿನ ಮಕ್ಕಳು ಹೊರಗಿನವರಿಗೆ ಕಾಣಬೇಕು. ಹೊರಗಿನವರು ಒಳಗಿನ ಮಕ್ಕಳಿಗೆ ಕಾಣಬಾರದು: ಇದು ಏರ್ಪಾಡು. ದಿನದಲ್ಲಿ ಗೊತ್ತಾದ ವೇಳೆಗೆ ಮಕ್ಕಳನ್ನು ಅಂಗಳಕ್ಕೆ ಬಿಡುವರು. ಜನರು ಸಾಲಾಗಿ ಮೊಗಸಾಲೆಯಲ್ಲಿ ನಡೆದು ನೋಡಿಕೊಂಡು ಹೋಗುವರು. ೧೯೪೩ರವರೆಗೆ ಹೀಗೆ ಬಂದು ನೋಡಿದವರು ಸುಮಾರು ೩೦ ಲಕ್ಷ ಮಂದಿ. ಷಿಕಾಗೊವಿನ ಆಟಗಾರನು ಒಂದೆರಡು ತಿಂಗಳು ಮಾಡಬೇಕೆಂದಿದ್ದುದನ್ನು ರಕ್ಷಕನಾದ ಸರ್ಕಾರವು ವರ್ಷಗಟ್ಟಲೆ ನಡೆಸಿತು.

ಪ್ರವೇಶಕ್ಕೆ ಹಣವಿರಲಿಲ್ಲ. ಹಣವು ಬೇರೆ ದಾರಿಗಳಲ್ಲಿ ಹರಿಯಿತು. ಸುತ್ತಮುತ್ತ ಹೋಟೆಲುಗಳೂ ಪೆಟ್ರೋಲಿನ ಅಂಗಡಿಗಳೂ ಎದ್ದವು. ಹೆರಿಗೆ ಮಾಡಿಸಿದ ಸೂಲಗಿತ್ತಿಯರು ನೆನಪಿನ ವಸ್ತುಗಳ ಅಂಗಡಿಯನ್ನಿಟ್ಟರು. ಮಕ್ಕಳನ್ನು ಕಳೆದುಕೊಂಡ ತಂದೆಯೂ ಇಟ್ಟನು. ಆ ನೆಲದ ಕಲ್ಲನ್ನು ಮನೆಗೆ ಒಯ್ದರೆ ಬಂಜೆಗೆ ಮಕ್ಕಳಾಗುವುವೆಂಬ ನಂಬಿಕೆಯು ಹಬ್ಬಿ, ಜನರು ಕಲ್ಲನ್ನೂ ಆರಿಸಿಕೊಂಡು ಹೋದರು. ಓಟ್ಸ್ ಹಿಟ್ಟು, ಜೋಳದ ಪಾಕ, ಸಾಬೂನು, ಡಬ್ಬಿಯ ಹಾಲು ಮೊದಲಾದ ಪದಾರ್ಥಗಳ ಜಾಹೀರಾತುಗಳಲ್ಲಿ ಆ ಐದು ಮುಖಗಳು ನಕ್ಕವು. ಹಾಲಿವುಡ್ಡಿನವರು ೧೯೩೬ ಮತ್ತು ೧೯೩೮ರ ನಡುವೆ ಅವರನ್ನಿಟ್ಟುಕೊಂಡು ಮೂರು ಚಲಚ್ಚಿತ್ರಗಳನ್ನು ತೆಗೆದರು. ಡಾಕ್ಟರ್ ಡೇಫೊರವರು ರೇಡಿಯೋದಲ್ಲಿ ಮಾತನಾಡಿದರು. ಹಳ್ಳಿಯ ವೈದ್ಯರಾಗಿದ್ದವರು ಲೋಕಪ್ರಖ್ಯಾತರಾದರು. ಮಕ್ಕಳ ಹೆಸರಿನಲ್ಲಿಯೂ ಒಂದು ನಿಧಿ ಬೆಳೆಯಿತೆಂಬುದು ನಿಜ. ಆದರೆ ಅವರನ್ನು ಕಾಯುವವರ ಸಂಬಳವೂ, ಅವರನ್ನಿಟ್ಟಿದ್ದ ಕಟ್ಟಡದ ವೆಚ್ಚವೂ ಆ ನಿಧಿಯಿಂದಲೇ ಸಲ್ಲುತ್ತಿದ್ದುವು. ಪಂಜರದ ಬಾಡಿಗೆಯನ್ನು ಗಿಳಿಯಿಂದಲೇ ವಸೂಲು ಮಾಡಿದಂತಾಯಿತು.

ಈ ಕಥೆಯಲ್ಲಿ ರಾಕ್ಷಸನನ್ನು ಹುಡುಕುವವನಿಗೆ ನಿರಾಶೆಯೇ ಆಗುವುದು. ತಂದೆಗೆ ಬಡತನವಿದ್ದಿತು. ವೈದ್ಯರು ಶಿಶುಗಳ ಪ್ರಾಣವನ್ನುಳಿಸಿದವರು. ಸರ್ಕಾರಕ್ಕೆ ಶಾಸನದ ಆಧಾರವಿದ್ದಿತು. ಸುದ್ದಿಗಾರನು ತನ್ನ ವೃತ್ತಿಯನ್ನು ಮಾಡಿದನು. ಇನ್ನು ಆ ೩೦ ಲಕ್ಷ ಮಂದಿ? ಅವರಲ್ಲಿ ಹಗೆಯಿಂದ ಬಂದವನು ಒಬ್ಬನೂ ಇದ್ದಿರಲಾರನು. ನೂರಾರು ಮೈಲಿ ಮೋಟಾರಿನಲ್ಲಿ ಬಂದು, ಬಿಸಿಲಿನಲ್ಲಿ ಸಾಲುಗಟ್ಟಿ ನಿಂತು, ಅರೆಗಳಿಗೆ ನೋಡಿ, ಸಂತೋಷದಿಂದ ಹಿಂದಿರುಗಿದ ಸಂಸಾರವಂದಿಗರು ಅವರು. ಐದು ಮಕ್ಕಳಿಗೆ ಅವರು ಹಾರೈಸಿದ್ದು ಒಳ್ಳೆಯದನ್ನೇ.

ಕನ್ನಡ ನಾಡಿನ ಅಜ್ಜಿಯರು ಮಗುವನ್ನು ಹೊರಗೆ ಕರೆದೊಯ್ಯುವ ಮುನ್ನ ಅದರ ಕೆನ್ನೆಗೆ ಕಾಡಿಗೆಯ ಬೊಟ್ಟನ್ನಿಡುವುದುಂಟು. ತಾಗುವುದು ಹಗೆಯ ಕಣ್ಣೊಂದೇ ಅಲ್ಲ, ಮುದ್ದಿಸುವ ಕಣ್ಣೂ ತಾಗುವುದು, ಹೆತ್ತವಳ ಕಣ್ಣೇ ಎಲ್ಲಕ್ಕಿಂತ ಬೇಗ ತಾಗುವುದು ಎಂದು ಅವರು ಹೇಳುವರು. ವಿದ್ಯಾವಂತರು ಇದನ್ನು ಕೇಳಿ ನಗುವರು. ಕಾಡಿಗೆಯ ಶಕ್ತಿಯ ವಿಷಯದಲ್ಲಿ ಆ ನಗೆಯು ಯುಕ್ತವೇ. ಆದರೆ ಆ ಮಾತಿನೊಳಗೆ ಅಡಗಿರುವ ಅನುಭವವು ನಗತಕ್ಕುದಲ್ಲ. ಪ್ರೀತಿಯ ನೋಟವಾದರೂ ಮಿತಿಮೀರಿದರೆ ಭಾರವಾಗುವುದು. ಹೊರುವ ಶಕ್ತಿಯಿಲ್ಲದ ತಲೆಯ ಮೇಲೆ ೩೦ ಲಕ್ಷ ನೋಟಗಳನ್ನು ಹೊರಿಸಿದರೆ, ಅವು ಪ್ರತಿಯೊಂದೂ ಹೂವಿನಷ್ಟು ಹಗುರವಾಗಿದ್ದರೂ ಒಟ್ಟಿನ ಭಾರದಿಂದ ಕತ್ತು ಮುರಿಯದಿರುವುದೆ? ಹೂವನ್ನು ಹಾಕಿದವನಿಗೆ ತನ್ನ ಒಂದು ಹೂವಿನ ನೆನಪು ಮಾತ್ರ ಇರುವುದು.

ಮಕ್ಕಳಿಗೆ ಜಾಲರಿಯ ಆಚೆ ಏನಿದೆಯೆಂಬುದು ತಿಳಿಯಲಿಲ್ಲವೆಂದು ಕಟ್ಟಿದವರು ನಂಬಿದ್ದರು. ಅದು ಹುಸಿಯಾಯಿತು. ಅಷ್ಟು ಜನರ ಸದ್ದೂ ನೆರಳೂ ತಮಗೆ ತಿಳಿಯುತ್ತಿದ್ದಿತೆಂದು ಆ ಸೋದರಿಯರು ದೊಡ್ಡವರಾದ ಮೇಲೆ ಹೇಳಿದರು. ಲೋಕವೆಂದರೆ ತಮ್ಮನ್ನು ನೋಡುವ ನೆರಳುಗಳ ಸಾಲು ಎಂಬುದೇ ಅವರ ಮೊದಲ ಪಾಠವಾಗಿರಬೇಕು. ರಸ್ತೆಯ ಈಚೆಯ ಮನೆಯಲ್ಲಿದ್ದ ತಾಯಿಯಾದರೋ, ತಾನು ಹೆತ್ತ ಮಕ್ಕಳನ್ನು ಕಾಣಬೇಕಾದರೆ ಪರರ ನಿಯಮಗಳಿಗೆ ಒಳಪಟ್ಟು ಹೋಗಬೇಕಾಗಿದ್ದಿತು. ಹಾದುಹೋಗುವ ಅಪರಿಚಿತನಿಗೆ ಸುಲಭವಾಗಿದ್ದ ದರ್ಶನವು ಹೆತ್ತವಳಿಗೆ ದುರ್ಲಭವಾಯಿತು.

ಬಹುಕಾಲದ ಹೋರಾಟದ ತರುವಾಯ, ೧೯೪೩ರ ನವೆಂಬರಿನಲ್ಲಿ, ಒಂಬತ್ತು ವರ್ಷ ದಾಟಿದ ಆ ಹುಡುಗಿಯರು ತಂದೆತಾಯಿಗಳ ಬಳಿಗೆ ಹಿಂದಿರುಗಿದರು. ಅವರ ನಿಧಿಯ ಹಣದಿಂದಲೇ ದೊಡ್ಡದೊಂದು ಮನೆಯನ್ನು ಕಟ್ಟಿದ್ದಿತು. ಆದರೆ ಒಂದು ಸಂಸಾರವನ್ನು ಒಂಬತ್ತು ವರ್ಷ ಸೀಳಿಟ್ಟು, ಬಳಿಕ ಒಂದೇ ಮಾಡಿನ ಕೆಳಗೆ ಕೂಡಿಸಿದ ಮಾತ್ರಕ್ಕೆ ಅದು ಬೆಸೆದುಕೊಳ್ಳುವುದೆ? ಮಕ್ಕಳು ಆ ಮನೆಗೆ ಅತಿಥಿಗಳಂತೆ ಬಂದರು. ಅಲ್ಲಿ ತಮಗೆ ಸುಖವಿರಲಿಲ್ಲವೆಂದು ಮುಂದೆ ಬರೆದರು. ಹದಿನೆಂಟು ತುಂಬಿದ ಮೇಲೆ ಮನೆಯನ್ನು ಬಿಟ್ಟರು. ಎಮಿಲಿಯು ೧೯೫೪ರಲ್ಲಿ, ೨೦ನೆಯ ವಯಸ್ಸಿನಲ್ಲಿ, ಕ್ರೈಸ್ತ ಸಂನ್ಯಾಸಿನಿಯರ ಮಠವೊಂದರಲ್ಲಿ ಅಪಸ್ಮಾರದಿಂದ ತೀರಿಕೊಂಡಳು. ಮರೀ ೧೯೭೦ರಲ್ಲಿ ಹೋದಳು. ಉಳಿದ ಮೂವರು ೧೯೯೦ರ ದಶಕದಲ್ಲಿ ಮಾಂಟ್ರಿಯಲ್ ನಗರದ ಬಳಿ ಒಂದೇ ಮನೆಯಲ್ಲಿ ವಾಸವಾಗಿದ್ದರು. ಮೂವರ ಆದಾಯವನ್ನೂ ಕೂಡಿಸಿದರೆ ತಿಂಗಳಿಗೆ ೭೪೬ ಡಾಲರು. ಒಂದು ಪ್ರಾಂತವನ್ನೇ ಶ್ರೀಮಂತಗೊಳಿಸಿದ ಮುಖಗಳು ಮುಪ್ಪಿನಲ್ಲಿ ಬಾಡಿಗೆಯ ಲೆಕ್ಕವನ್ನು ಹಾಕುತ್ತಿದ್ದವು. ಅವರು ತಮ್ಮ ನಿಧಿಯ ಲೆಕ್ಕವನ್ನು ಕೇಳಿದರು. ಮೊದಲು ಅಲ್ಪಸ್ವಲ್ಪ ಕೊಟ್ಟು ಸಮಾಧಾನಪಡಿಸಲು ನೋಡಿದ ಸರ್ಕಾರವು, ಜನರು ಸಿಟ್ಟಾದ ಮೇಲೆ, ೧೯೯೮ರಲ್ಲಿ ೪೦ ಲಕ್ಷ ಡಾಲರುಗಳ ಪರಿಹಾರಕ್ಕೆ ಒಪ್ಪಿತು. ಅವರಿಗೆ ಆಗ ಅರವತ್ತುಮೂರು ವರ್ಷ ದಾಟಿದ್ದಿತು. ಹಣವು ಬಂದಿತು, ಬಾಲ್ಯವು ಬರಲಿಲ್ಲ.

ಅದಕ್ಕೆ ಕೆಲವು ತಿಂಗಳು ಮೊದಲು, ೧೯೯೭ರಲ್ಲಿ, ಅಮೆರಿಕದ ಅಯೋವ ಸಂಸ್ಥಾನದಲ್ಲಿ ಒಂದೇ ಹೆರಿಗೆಯಲ್ಲಿ ಏಳು ಮಕ್ಕಳು ಹುಟ್ಟಿದ್ದರು. ಪತ್ರಿಕೆಗಳೂ ವರ್ತಕರೂ ಪುನಃ ಅದೇ ಸಂಭ್ರಮದಿಂದ ಧಾವಿಸಿದರು. ಆಗ ಈ ಮೂವರು ಸೋದರಿಯರು ಆ ತಂದೆತಾಯಿಗಳಿಗೆ ಒಂದು ಬಹಿರಂಗಪತ್ರವನ್ನು ಬರೆದರು. ಹೀಗೆ ಹುಟ್ಟಿದ ಮಕ್ಕಳು ವಿನೋದದ ವಸ್ತುವಲ್ಲ, ಸರಕನ್ನು ಮಾರುವ ಸಾಧನವೂ ಅಲ್ಲ, ಉಳಿದ ಮಕ್ಕಳಿಗೆ ದೊರೆಯುವುದಕ್ಕಿಂತ ಹೆಚ್ಚಿನ ಪ್ರಸಿದ್ಧಿಯನ್ನು ಇವರಿಗೆ ಕೊಡಬೇಡಿರಿ ಎಂಬುದು ಅದರ ತಾತ್ಪರ್ಯ. ನಾರ್ತ್ ಬೇ ಕಚೇರಿಗೆ ಬಂದ ಆ ಹಳೆಯ ಪ್ರಶ್ನೆಗೆ ಬಲ್ಲವರು ಕೊಟ್ಟ ಉತ್ತರವಿದು. ವಾರ್ತೆಯನ್ನು ಅಚ್ಚುಹಾಕಿಸುವುದಕ್ಕೆ ಎಷ್ಟಾಗುವುದು? ಎಲ್ಲವೂ ಆಗುವುದು ಎಂದು ಅವರು ಹೇಳಿದರು.

ಈಗ ಮೊಗಸಾಲೆಯನ್ನು ಕಟ್ಟಲು ಸರ್ಕಾರವೇ ಬೇಕೆಂದಿಲ್ಲ. ಪ್ರತಿ ಮನೆಯಲ್ಲಿಯೂ ಕೈಯಲ್ಲಿ ಹಿಡಿಯುವಷ್ಟು ಸಣ್ಣದೊಂದು ಯಂತ್ರವಿದೆ. ಅದರ ಮೂಲಕ ಮಗುವಿನ ತೊದಲು ಮಾತನ್ನೂ ಅಳುವನ್ನೂ ಕಾಣದ ಲಕ್ಷಾಂತರ ಜನರಿಗೆ ತೋರಿಸಿ ಹಣವನ್ನು ಪಡೆಯುವ ತಂದೆತಾಯಿಗಳು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ೨೦೨೦ರಲ್ಲಿ ಫ್ರಾನ್ಸ್ ದೇಶವೂ, ೨೦೨೪ರಿಂದ ಅಮೆರಿಕದ ಇಲಿನಾಯ್ ಸಂಸ್ಥಾನವೂ ಅಂಥ ಮಕ್ಕಳ ಸಂಪಾದನೆಯ ಒಂದು ಭಾಗವನ್ನು ಅವರಿಗಾಗಿ ಕಾದಿಡಬೇಕೆಂದು ಶಾಸನ ಮಾಡಿವೆ. ಒಳ್ಳೆಯ ಶಾಸನಗಳೇ. ಆದರೆ ಶಾಸನವು ಹಣವನ್ನು ಕಾದಿಡಬಲ್ಲದು. ಯಾರ ಕಣ್ಣಿಗೂ ಬೀಳದೆ ಬೆಳೆಯುವ ಮಗುವಿನ ಸುಖವನ್ನು ಯಾವ ಖಜಾನೆಯಲ್ಲಿ ಕಾದಿಡುವುದು? ಅದನ್ನು ಕಾಯಬಲ್ಲವನು ನೋಡುವವನೊಬ್ಬನೇ. ನೋಡಬಹುದಾಗಿದ್ದಾಗಲೂ ಕಣ್ಣನ್ನು ಆಚೆಗೆ ತಿರುಗಿಸುವುದು ಸಣ್ಣ ಕೆಲಸವೆಂದು ತೋರುವುದು; ೩೦ ಲಕ್ಷ ಮಂದಿಯಲ್ಲಿ ಪ್ರತಿಯೊಬ್ಬನಿಗೂ ಹಾಗೆಯೇ ತೋರಿತು.

ಆ ಐವರು ಹುಟ್ಟಿದ ಮನೆಯನ್ನು ಅದರ ಮೂಲಸ್ಥಳದಿಂದ ನಾರ್ತ್ ಬೇ ಪಟ್ಟಣಕ್ಕೆ ಸಾಗಿಸಿ ವಸ್ತುಸಂಗ್ರಹಾಲಯವನ್ನಾಗಿ ಮಾಡಿದ್ದರು. ೨೦೧೭ರಲ್ಲಿ ಅದನ್ನು ಆ ಪಟ್ಟಣದಿಂದ ಬೇರೆಡೆಗೆ ಕಳುಹಿಸಿಬಿಡುವ ಮಾತು ಬಂದಾಗ, ಎಂಬತ್ತು ದಾಟಿದ್ದ ಆನೆಟ್ ಮತ್ತು ಸೆಸೀಲ್ ಅದನ್ನು ಅಲ್ಲಿಯೇ ಉಳಿಸಬೇಕೆಂದು ಕೇಳಿಕೊಂಡರು. ಮನೆಯು ಅಲ್ಲಿಯೇ ಉಳಿಯಿತು. ನೋಟದಿಂದ ಅಷ್ಟು ನೊಂದವರು ಜನರು ಬಂದು ನೋಡಲೆಂದು ಬಯಸಿದ್ದು ಇದೊಂದನ್ನೇ ಇರಬೇಕು. ಅದು ಹಲಗೆಗಳ ಮನೆ. ಎಷ್ಟು ಕಣ್ಣುಗಳು ಬಿದ್ದರೂ ಅದಕ್ಕೆ ನೋವಿಲ್ಲ.