ಹೆಬ್ಬೆಟ್ಟಿನ ಗುರುತು

ನನ್ನ ಊರು ಸೋಮನಾಥಪುರವೆಂದೊಡನೆ ಗೆಳೆಯರು, "ಪುಣ್ಯವಂತ ಕಣಯ್ಯ ನೀನು" ಎನ್ನುವುದುಂಟು. ಕೇಶವ ದೇವಾಲಯದ ಆನೆಸಾಲು ಕುದುರೆಸಾಲುಗಳನ್ನು ನೋಡುತ್ತಲೇ ಬೆಳೆದವನು ನಾನು. ಆದರೆ ಅಲ್ಲಿ ನಿಂತಾಗಲೆಲ್ಲ ಒಂದು ಪ್ರಶ್ನೆ ಕಾಡುತ್ತಿತ್ತು: ಈ ಗುಡಿ ಏಳುವಾಗ ನಮ್ಮಂಥವರು ಎಲ್ಲಿದ್ದರು?

ಬಾಗಿಲ ಬಳಿಯ ಶಾಸನ ದೊಡ್ಡವರ ಮಾತನ್ನು ಹೇಳುತ್ತದೆ. ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕ ಸೋಮನಾಥ ಅಗ್ರಹಾರ ಮಾಡಿಸಿದ, 1258ರ ಸುಮಾರಿಗೆ ಗುಡಿ ಕಟ್ಟಿಸಿದ, ದತ್ತಿ ಬಿಟ್ಟ. ಶಿಲ್ಪಿ ಮಲ್ಲಿತಮ್ಮನ ಹೆಸರೂ ವಿಗ್ರಹಗಳ ಕೆಳಗಿದೆ. ಕಲ್ಲು ಹೊತ್ತವರ ಹೆಸರಿಲ್ಲ.

ಇದನ್ನು ನಮ್ಮ ಇತಿಹಾಸದ ಅಧ್ಯಾಪಕರಲ್ಲಿ ಅರಿಕೆಮಾಡಿಕೊಂಡೆ. ಅವರು ನಕ್ಕು, "ಕಲ್ಲನ್ನು ಓದಿದ್ದಾಯಿತು, ಇನ್ನು ಮಣ್ಣನ್ನು ಓದು" ಎಂದು ಗ್ರಂಥಾಲಯಕ್ಕೆ ಕಳುಹಿಸಿದರು.

ನಮ್ಮ ವಿದ್ವಾಂಸರು ನಡೆದು ಬಂದ ದಾರಿಯೂ ಅದೇ ಎಂಬುದು ಅಲ್ಲಿ ತಿಳಿಯಿತು. 1885ರಲ್ಲಿ ಹುಟ್ಟಿದ ಮೈಸೂರು ಪ್ರಾಕ್ತನ ಇಲಾಖೆಯ ಮೊದಲ ಕಾಳಜಿ ಶಾಸನಗಳು. ಬಿ. ಎಲ್. ರೈಸ್ ಅವರು ನಮ್ಮ ತಾಲ್ಲೂಕಿನ ಶಾಸನಗಳನ್ನು 1894ರಲ್ಲಿ ಅಚ್ಚು ಹಾಕಿಸಿದರು. ಆರ್. ನರಸಿಂಹಾಚಾರ್ಯರು 1917ರಲ್ಲಿ ನಮ್ಮೂರ ಗುಡಿಯ ಮೇಲೆ ಪುಸ್ತಕವನ್ನೇ ಬರೆದರು. ಮುಂದೆ ಚಿತ್ರದುರ್ಗ ಸೀಮೆಯ ಬ್ರಹ್ಮಗಿರಿಯನ್ನು ಎಂ. ಎಚ್. ಕೃಷ್ಣ ಅವರೂ 1947ರಲ್ಲಿ ವೀಲರ್ ಅವರೂ ಅಗೆಸಿದರು. ಶಾಸನಕ್ಕಿಂತ ಬಹು ಹಿಂದಿನ ಜನರ ವಾಸದ ನೆಲೆ ಅಲ್ಲಿ ಪದರ ಪದರವಾಗಿ ಕಂಡಿತು.

ಆಮೇಲಿನ ಸರದಿ ನಮ್ಮ ನೆರೆಯದೇ. 1959ರಿಂದ 1965ರ ನಡುವೆ ಡಾ. ಎಂ. ಶೇಷಾದ್ರಿಯವರು ಕಾವೇರಿ ಕಪಿಲೆ ಕೂಡುವ ತಿರುಮಕೂಡಲು ನರಸೀಪುರದಲ್ಲಿ ಉತ್ಖನನ ನಡೆಸಿದರು. ಅದರ ವರದಿ 1971ರಲ್ಲಿ ಹೊರಬಂತು. ನಯಗೊಳಿಸಿದ ಕಲ್ಲಿನ ಕೊಡಲಿ, ಕೈಯಿಂದ ಮಾಡಿದ ಬೂದುಬಣ್ಣದ ಮಡಕೆ, ಸತ್ತವರನ್ನು ಹೂಳಿದ ಕುಣಿ, ತಲೆಗಿಟ್ಟುಕೊಳ್ಳುವ ಮಣ್ಣಿನ ದಿಂಬು ದೊರೆತವು. ಸಂತೆಗೆ, ಜಾತ್ರೆಗೆ ನಾವು ಹೋಗಿಬರುವ ಊರಿನಲ್ಲಿ ಮೂರು ಸಾವಿರ ವರ್ಷಕ್ಕೂ ಹಿಂದೆ ಯಾರೋ ಒಲೆ ಹೂಡಿದ್ದರು. ಅವರು ಒಂದಕ್ಷರವನ್ನೂ ಬರೆದಿಡಲಿಲ್ಲ. ಆದರೂ ಅವರು ಮರೆಯಾಗಿಲ್ಲ.

ಅಂದು ಊರಿಗೆ ಹೋದಾಗ ಅವ್ವನಿಗೆ ಈ ಮಣ್ಣಿನ ದಿಂಬಿನ ಸಂಗತಿ ಹೇಳಿದೆ. ಅವಳು ರಾಗಿ ಕೇರುವುದನ್ನು ನಿಲ್ಲಿಸಿ, "ಸತ್ತೋರ್ಗೂ ತಲೆದಿಂಬು ಕೊಟ್ಟವ್ರಲ್ಲ ಮಗ, ಒಳ್ಳೆ ಜನ" ಎಂದಳು. ಅವರ ವಿಷಯದಲ್ಲಿ ನಾನು ಓದಿದ್ದರಲ್ಲೆಲ್ಲ ಈ ಒಂದು ಮಾತಿರಲಿಲ್ಲ.

ಒಂದು ತಪ್ಪೊಪ್ಪಿಗೆ ಉಳಿದಿದೆ. ಮೂರು ವರ್ಷದ ಕೆಳಗೆ ಕಾಲೇಜು ಸೇರುವಾಗ ಅರ್ಜಿಯಲ್ಲಿ ಅಪ್ಪ ಒತ್ತಿದ ಹೆಬ್ಬೆಟ್ಟಿನ ಗುರುತು ಪಕ್ಕದವರಿಗೆ ಕಾಣದಂತೆ ಅಂಗೈ ಮುಚ್ಚಿ ನಿಂತಿದ್ದೆ. ಅಪ್ಪ ಅದನ್ನು ನೋಡಿದ, ಏನೂ ಅನ್ನಲಿಲ್ಲ. ಈಗ ಪದವಿಯ ಅರ್ಜಿ ತುಂಬುವ ಕಾಲ ಬಂದಿದೆ. ಈ ಸಲ ಅಪ್ಪನನ್ನು ಜೊತೆಯಲ್ಲೇ ಕರೆತರುತ್ತೇನೆ.