ಬಾಳೆಹೊನ್ನೂರಿನ ಕಾಫೀ ಶೋಧನಾಲಯ

ಚಿಕ್ಕಮಗಳೂರಿನಿಂದ ಮೂಡಿಗೆರೆಗೆ ಹೋಗುವ ದಾರಿಯ ಎರಡು ಕಡೆಗಳಲ್ಲಿಯೂ ಕಾಫೀ ತೋಟಗಳೇ. ಹೆಮ್ಮರಗಳ ನೆಳಲು, ಸಿಲ್ವರ್ ಓಕ್ ಮರಗಳನ್ನು ತಬ್ಬಿ ಏರಿದ ಮೆಣಸಿನ ಬಳ್ಳಿ, ಅವುಗಳ ಅಡಿಯಲ್ಲಿ ಆಳೆತ್ತರದ ಕಾಫೀ ಗಿಡಗಳು. ಕೊಟ್ಟಿಗೆಹಾರವನ್ನು ಕಳೆದು ಕಳಸದ ಕಡೆಗೆ ತಿರುಗಿದರೆ ಘಟ್ಟಗಳು ಹತ್ತಿರವಾಗುತ್ತವೆ. ಕುದುರೆಮುಖದ ಸೀಮೆಯಲ್ಲಿ ಹುಟ್ಟಿದ ಭದ್ರೆಯು ಕಳಸದ ಮಗ್ಗುಲಲ್ಲಿ ಹರಿದು ಬಾಳೆಹೊನ್ನೂರಿಗೆ ಬರುತ್ತಾಳೆ. ಕಳಸೇಶ್ವರನ ದರ್ಶನಕ್ಕೂ ರಂಭಾಪುರಿ ಪೀಠಕ್ಕೂ ಬರುವ ಯಾತ್ರಿಕರು ಅನೇಕರು. ಬಾಳೆಹೊನ್ನೂರಿನ ಬಳಿಯಲ್ಲಿರುವ ಕಾಫೀ ಶೋಧನಾಲಯವನ್ನು ನೋಡುವವರು ಮಾತ್ರ ವಿರಳ.

ಈ ಸಂಸ್ಥೆಯು ಏತಕ್ಕೆ ಹುಟ್ಟಿತೆಂಬುದು ತಿಳಿಯತಕ್ಕ ವಿಷಯ. ೧೮೬೯ರಲ್ಲಿ ಸಿಂಹಳದ್ವೀಪದ ಕಾಫೀ ತೋಟಗಳಲ್ಲಿ ಎಲೆತುಕ್ಕಿನ ರೋಗವು ಕಾಣಿಸಿತು. ಎಲೆಯ ಅಡಿಯಲ್ಲಿ ಕಿತ್ತಿಳೆ ಬಣ್ಣದ ಪುಡಿ ಮೂಡಿ, ಎಲೆಗಳೆಲ್ಲ ಉದುರಿ, ಗಿಡವು ಸೊರಗುತ್ತಿತ್ತು. ಕಾಲಕ್ರಮದಲ್ಲಿ ಆ ದ್ವೀಪದವರು ಕಾಫಿಯನ್ನು ಬಿಟ್ಟು ಚಹಾ ಬೆಳೆಗೆ ತಿರುಗಬೇಕಾಯಿತು. ಅದೇ ರೋಗವು ಸ್ವಲ್ಪ ಕಾಲದಲ್ಲಿಯೇ ನಮ್ಮ ಮಲೆನಾಡಿಗೂ ಬಂದಿತು. ಗಾಳಿಮಳೆಗಳಲ್ಲಿ ಹರಡುವ ಈ ಬೂಷ್ಟಿಗೆ ಒಬ್ಬನ ತೋಟ, ಮತ್ತೊಬ್ಬನ ತೋಟ ಎಂಬ ಭೇದವಿಲ್ಲ. ಆದುದರಿಂದ ಒಬ್ಬನೇ ತನ್ನ ಬೇಲಿಯೊಳಗೆ ಮಾಡಿಕೊಂಡ ಪ್ರತೀಕಾರವು ಸಾಲದು.

೧೯೧೫ರಲ್ಲಿ ಕೊಪ್ಪದಲ್ಲಿ ತಾತ್ಕಾಲಿಕವಾದ ಪ್ರಯೋಗಕ್ಷೇತ್ರವೊಂದು ಏರ್ಪಟ್ಟಿತು. ಕೆನಡಾ ದೇಶದ ಡಾಕ್ಟರ್ ಲೆಸ್ಲಿ ಕೋಲ್ಮನ್ನರು ಮೈಸೂರು ಸಂಸ್ಥಾನದ ವ್ಯವಸಾಯ ಇಲಾಖೆಯ ಮುಖ್ಯಾಧಿಕಾರಿಗಳಾಗಿದ್ದ ಕಾಲದಲ್ಲಿ, ೧೯೨೫ರಲ್ಲಿ, ಬಾಳೆಹೊನ್ನೂರಿನ ಕಾಫೀ ಪ್ರಯೋಗಶಾಲೆಯು ಸ್ಥಾಪಿತವಾಯಿತು. ತುಕ್ಕಿನ ಬೂಷ್ಟಿನಲ್ಲಿ ಒಂದೇ ಜಾತಿಯಲ್ಲ, ಬೇರೆ ಬೇರೆ ಕುಲಗಳಿವೆಯೆಂಬುದನ್ನು ೧೯೩೦ರ ದಶಕದಲ್ಲಿ ಮೇನ್ ಎಂಬ ಶಾಸ್ತ್ರಜ್ಞರು ಇಲ್ಲಿಯೇ ಕಂಡುಹಿಡಿದರು. ಒಂದು ಕುಲವನ್ನು ತಡೆಯುವ ಗಿಡವು ಮತ್ತೊಂದಕ್ಕೆ ಏಕೆ ಸೋಲುತ್ತದೆಂಬ ರಹಸ್ಯವು ಇದರಿಂದ ತಿಳಿದುಬಂದಿತು.

ಗಿಡದ ಕೆಲಸಕ್ಕೆ ತಾಳ್ಮೆ ಬೇಕು. ನೆಟ್ಟ ಸಸಿಯು ಫಲಕ್ಕೆ ಬರುವುದಕ್ಕೆ ಮೂರು ನಾಲ್ಕು ವರ್ಷ. ಅದರ ಗುಣಾವಗುಣಗಳನ್ನು ಅರಿಯಲು ಹಲವು ಫಸಲುಗಳು. ಎರಡು ಮೂರು ತಲೆಮಾರುಗಳನ್ನು ಪರೀಕ್ಷಿಸುವುದರೊಳಗೆ ಇಪ್ಪತ್ತು ವರ್ಷಗಳು ಸಂದುಹೋಗುತ್ತವೆ. ಇಲ್ಲಿ ಸಿದ್ಧವಾಗಿ ೧೯೪೦ರ ದಶಕದಲ್ಲಿ ಬೆಳೆಗಾರರ ಕೈಸೇರಿದ ಎಸ್. ೭೯೫ ಎಂಬ ತಳಿಯು ಇಂದಿಗೂ ತೋಟಗಳಲ್ಲಿದೆ. ಆದರೆ ಬೂಷ್ಟಿನ ಹೊಸ ಕುಲಗಳು ಅದನ್ನೂ ಬಾಧಿಸಲಾರಂಭಿಸಿದುದರಿಂದ ಕೆಲಸವು ಮುಗಿಯಲಿಲ್ಲ. ೨೦೦೭ರಲ್ಲಿ ಚಂದ್ರಗಿರಿಯೆಂಬ ತಳಿಯು ಹೊರಬಂದಿತು. ಅರೇಬಿಕಾ ಗಿಡವನ್ನು ಕೊರೆಯುವ ಬಿಳಿ ಕಾಂಡಕೊರಕಕ್ಕೆ ಪೂರ್ಣವಾದ ಪರಿಹಾರವು ಇನ್ನೂ ದೊರೆತಿಲ್ಲ.

ಇಷ್ಟು ದೀರ್ಘವಾದ ಕಾರ್ಯಕ್ಕೆ ಹಣವನ್ನು ಒದಗಿಸುವವರು ಯಾರು? ನಮ್ಮ ದೇಶದ ಕಾಫೀ ಹಿಡುವಳಿದಾರರಲ್ಲಿ ನೂರಕ್ಕೆ ೯೫ಕ್ಕೂ ಮಿಕ್ಕವರು ೧೦ ಹೆಕ್ಟೇರಿನೊಳಗಿನ ಸಣ್ಣ ಬೆಳೆಗಾರರು. ಕಳಸದ ಕಡೆಯ ಎರಡೆಕರೆಯ ರೈತನು ಪ್ರಯೋಗಶಾಲೆಯನ್ನು ಕಟ್ಟಬಲ್ಲನೆ? ಹನಿಗೂಡಿದರೆ ಹಳ್ಳವೆಂಬ ನ್ಯಾಯವೇ ಇಲ್ಲಿ ಗತಿ. ೧೯೪೨ರ ಕಾಫೀ ಕಾಯಿದೆಯು ಕಾಫಿಯ ಮೇಲೆ ಸುಂಕವನ್ನು ವಿಧಿಸಿ, ಕಾಫೀ ಮಂಡಲಿಯ ಸಾಮಾನ್ಯ ನಿಧಿಯಿಂದ ಸಂಶೋಧನೆಗೆ ವೆಚ್ಚಮಾಡುವ ಕ್ರಮವನ್ನು ಹಾಕಿಕೊಟ್ಟಿತು. ಆ ದಶಕದಲ್ಲಿಯೇ ಶಾಲೆಯು ಮಂಡಲಿಯ ಅಧೀನಕ್ಕೆ ಬಂದು ಕೇಂದ್ರ ಕಾಫೀ ಸಂಶೋಧನಾ ಸಂಸ್ಥೆಯಾಯಿತು. ಮಳೆ, ಮಣ್ಣು, ಎತ್ತರಗಳು ಸೀಮೆಸೀಮೆಗೂ ಬೇರೆಯಾದುದರಿಂದ ಕೊಡಗಿನ ಚೆಟ್ಟಳ್ಳಿ, ವಯನಾಡಿನ ಚುಂಡಲೆ, ತಮಿಳುನಾಡಿನ ತಾಂಡಿಗುಡಿ, ಆಂಧ್ರದ ಆರ್. ವಿ. ನಗರ, ಅಸ್ಸಾಮಿನ ಡಿಫು ಎಂಬ ಸ್ಥಳಗಳಲ್ಲಿ ಇದರ ಶಾಖೆಗಳು ಏರ್ಪಟ್ಟವು. ಮಂಡಲಿಯು ಈಗ ಭಾರತ ಸರ್ಕಾರದ ವಾಣಿಜ್ಯ ಸಚಿವಾಲಯಕ್ಕೆ ಒಳಪಟ್ಟಿದೆ.

ಸರ್ಕಾರದ ಆಯವ್ಯಯವು ವರ್ಷಕ್ಕೊಮ್ಮೆ ಬದಲಾಗುತ್ತದೆ. ಕಾಫೀ ಗಿಡದ ಲೆಕ್ಕವಾದರೋ ಇಪ್ಪತ್ತು ವರ್ಷಗಳದು. ನಡುವೆ ಹಣವು ತಪ್ಪಿ ಪ್ರಯೋಗದ ಸಾಲುಗಳು ಕಳೆಯಲ್ಲಿ ಮುಚ್ಚಿಹೋದರೆ, ಮರುವರ್ಷ ಇಮ್ಮಡಿ ಹಣವನ್ನು ಕೊಟ್ಟರೂ ಕಳೆದ ಕಾಲವು ಮರಳಿ ಬಾರದು. ೨೦೨೫ಕ್ಕೆ ನೂರು ವರ್ಷ ತುಂಬಿದ ಈ ಸಂಸ್ಥೆಯು ಕಲಿಸುವ ಪಾಠವಿದು. ಊರಿನ ಕೆರೆಯ ಏರಿಯನ್ನು ಕಾಯುವಂತೆ ಇಂಥ ಶೋಧನಾಲಯಗಳನ್ನು ಬರಗಾಲ ಸುಭಿಕ್ಷಗಳೆನ್ನದೆ ಕಾಯುವುದು ದೇಶದ ಕರ್ತವ್ಯ. ಮಲೆನಾಡಿಗೆ ಹೋಗುವ ಗೃಹಸ್ಥರು ದೇವರ ದರ್ಶನವನ್ನು ಮುಗಿಸಿಕೊಂಡು, ಅನುಮತಿಯನ್ನು ಪಡೆದು, ಮಕ್ಕಳೊಡನೆ ಈ ಸ್ಥಳವನ್ನೂ ಒಮ್ಮೆ ನೋಡಿ ಬರುವುದು ಒಳ್ಳೆಯದು.